ಪಿಎಲ್‌ಸಿಗೆ 16 ವಾರ ಕಾಯಬೇಕಂತೆ, ಯಂತ್ರ ನಿಂತಿದೆ. ಯಾರ ಬಳಿಯಾದರೂ ಇದೆಯೇ?

ಪೀಣ್ಯ_ಊದುಬತ್ತಿ:
ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಊದುಬತ್ತಿ ಪ್ಯಾಕಿಂಗ್. ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅದೇ ಪಿಎಲ್‌ಸಿ, ಸುಟ್ಟು ಇಂದಿಗೆ ಹನ್ನೊಂದು ದಿನ. ಮುಂಗಡ ತೆಗೆದುಕೊಳ್ಳುವಾಗ ಡೀಲರ್ ನಾಲ್ಕು ವಾರ ಎಂದರು. ಆಮೇಲೆ ಎಂಟಾಯಿತು. ಇಂದು ಬೆಳಿಗ್ಗೆ ಹದಿನಾರು. "ದಾರಿಯಲ್ಲಿದೆ ಸಾರ್" ಎನ್ನುತ್ತಾರೆ. ಯಾವ ದಾರಿ ಎಂದು ಕೇಳಿದರೆ ಫೋನ್ ಕಟ್. ನವರಾತ್ರಿಯ ಮಾಲನ್ನು ಕೈಯಲ್ಲೇ ಕಟ್ಟಿಸುತ್ತಿದ್ದೇನೆ. ಎಲ್ಲರೂ ಬಳಸುವ ಮಾಮೂಲಿ ಪಿಎಲ್‌ಸಿ. ಎಲ್ಲಿ ಸಿಗುತ್ತದೆ ಹೇಳಿ.

ಹಳೇ_ಫಿಟ್ಟರ್:
"ಮಾಮೂಲಿ" ಎಂಬ ಮಾಡೆಲ್ ಯಾವ ಕ್ಯಾಟಲಾಗಿನಲ್ಲೂ ಇಲ್ಲ ಸ್ವಾಮಿ. ಪಕ್ಕದಲ್ಲಿ ಅಂಟಿಸಿರುವ ಚೀಟಿಯ ನಂಬರನ್ನು ಪೂರ್ತಿಯಾಗಿ ಹಾಕಿ. ಔಟ್‌ಪುಟ್ ರಿಲೇಯೋ ಟ್ರಾನ್ಸಿಸ್ಟರೋ?

ವೈಟ್‌ಫೀಲ್ಡ್_ಡಿಪೋ:
ನಂಬರ್ ಏನೇ ಇರಲಿ, ಕಾರಣ ಕೆಂಪು ಸಮುದ್ರ. 2023ರ ನವೆಂಬರಿನಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿನ ಸರಕು ಆಫ್ರಿಕಾವನ್ನು ಸುತ್ತಿ ಬರತೊಡಗಿತು. ಅದಕ್ಕೇ ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಆಮೇಲೆ ಬಂದರು, ಕಸ್ಟಮ್ಸ್, ಡಿಪೋ. ನಾನು ದಿನವೂ ನೋಡುವುದು ಇದನ್ನೇ.

ಜಿಗಣಿ_ಜಂಪರ್:
ಅಂಗೈಯಗಲದ ಪೆಟ್ಟಿಗೆ, ತುರ್ತಿದ್ದರೆ ವಿಮಾನದಲ್ಲೇ ಬರುತ್ತದೆ. ಹೋಗಲಿ, ಹಡಗೇ ಎನ್ನಿ. ಹದಿನಾಲ್ಕು ದಿನ ಸೇರಿದರೆ ನಾಲ್ಕು ವಾರ ಆರಾಗಬೇಕು, ಹದಿನಾರು ಹೇಗಾಯಿತು?

ವೈಟ್‌ಫೀಲ್ಡ್_ಡಿಪೋ:
ಕಂಟೇನರ್ ಸಿಗದಿದ್ದರೆ ಆಗುತ್ತದೆ. ಹಡಗಿನ ವಿಷಯ ಗೊತ್ತಿಲ್ಲದವರು ಮಾತನಾಡಬಾರದು.

ಜಿಗಣಿ_ಜಂಪರ್:
ಗೊತ್ತಿರುವವರು ಲೆಕ್ಕವನ್ನೂ ಮಾಡಬೇಕು. 2021ರ ಮಾರ್ಚಿನಲ್ಲಿ ಜಪಾನಿನ ನಾಕಾದಲ್ಲಿ ರೆನೆಸಾಸ್ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು, ಅದಕ್ಕೂ ಮುಂಚೆ ಫೆಬ್ರುವರಿಯಲ್ಲಿ ಟೆಕ್ಸಾಸಿನ ಹಿಮದಿಂದ ಆಸ್ಟಿನ್‌ನ ಚಿಪ್ ಕಾರ್ಖಾನೆಗಳು ನಿಂತವು. ಆಗ ಚಿಪ್ ಸಿಗದೆ, ಇದೇ ಪೀಣ್ಯದಲ್ಲಿ ಮೋಟಾರಿನ ವೇಗ ನಿಯಂತ್ರಿಸುವ ಒಂದು ಡ್ರೈವ್ ಬೇಕಾದವರು ಮೂವರು ಡೀಲರಿಗೆ ಆರ್ಡರ್ ಕೊಟ್ಟು, ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದೆರಡನ್ನು ರದ್ದು ಮಾಡುತ್ತಿದ್ದರು. ಒಂದು ಬೇಡಿಕೆ ಕಂಪನಿಗೆ ಮೂರಾಗಿ ಕಾಣಿಸುತ್ತಿತ್ತು. ಏಟು ತಿಂದ ಡೀಲರುಗಳು ನಿಧಾನವಾಗಿ ಹೋಗುವ ಮಾದರಿಗಳನ್ನು ಈಗ ಕಪಾಟಿನಲ್ಲಿ ಇಡುವುದೇ ಇಲ್ಲ. ನೀವು ಮುಂಗಡ ಕೊಟ್ಟ ಮೇಲೆಯೇ ಅವರ ಆರ್ಡರ್ ಹೊರಡುವುದು.

ಪೀಣ್ಯ_ಊದುಬತ್ತಿ:
ಚೀಟಿ ಸುಟ್ಟು ಅರ್ಧ ಮಾತ್ರ ಓದಲಾಗುತ್ತದೆ. 24 ವೋಲ್ಟ್ ಡಿಸಿ, 14 ಇನ್‌ಪುಟ್, 10 ಔಟ್‌ಪುಟ್, ಟ್ರಾನ್ಸಿಸ್ಟರ್. ಇದೇ ಕಂಪನಿಯ ರಿಲೇ ಮಾದರಿ ಎಸ್‌ಪಿ ರಸ್ತೆಯಲ್ಲಿ ಇಂದೇ ಸಿಗುತ್ತದಂತೆ. ತಂದುಬಿಡಲೇ?

ಮನೆಯೇ_ಕಾರ್ಖಾನೆ:
ಎಸ್‌ಪಿ ರಸ್ತೆಯಲ್ಲಿ ಸೀಲ್ ನೋಡದೆ ದುಡ್ಡು ಕೊಡಬೇಡಿ. ನಾನಂತೂ ಹಳೆಯ ಯಂತ್ರಗಳಿಂದ ಬಿಚ್ಚಿದ ಪಿಎಲ್‌ಸಿಗಳನ್ನು ಕೂಡಿಟ್ಟಿದ್ದೇನೆ. ಮನೆಯ ಸಂಪು, ಓವರ್‌ಹೆಡ್ ಟ್ಯಾಂಕು, ಕಾವೇರಿ ನೀರಿನ ವಾಲ್ವ್, ಎಲ್ಲವೂ ಒಂದೇ ಪಿಎಲ್‌ಸಿಯಲ್ಲಿ. ಏಳಿಂಚಿನ ಟಚ್ ಪರದೆ ಅಡುಗೆಮನೆಯಲ್ಲಿದೆ. ಚಿತ್ರ ಹಾಕಲೇ?

ಹಳೇ_ಫಿಟ್ಟರ್:
ಬೇಡ. ಊದುಬತ್ತಿಯವರೇ, ಕವರಿನ ಫಿಲ್ಮನ್ನು ಎಳೆಯುವುದು ಏನು?

ಪೀಣ್ಯ_ಊದುಬತ್ತಿ:
ಸ್ಟೆಪ್ಪರ್ ಮೋಟಾರು. ಅದನ್ನೂ ಹೇಳಬೇಕಿತ್ತೇ?

ಹಳೇ_ಫಿಟ್ಟರ್:
ಮೊದಲು ಹೇಳಬೇಕಾದದ್ದೇ ಅದು! ಪಿಎಲ್‌ಸಿ ಕಳಿಸುವ ಒಂದೊಂದು ಪಲ್ಸಿಗೆ, ಅಂದರೆ ಕರೆಂಟಿನ ಮಿಡಿತಕ್ಕೆ, ಸ್ಟೆಪ್ಪರ್ ಒಂದೊಂದು ಹೆಜ್ಜೆ ತಿರುಗುತ್ತದೆ. ಅದರ ಡ್ರೈವರಿನಲ್ಲಿ ಒಂದು ಸುತ್ತಿಗೆ 1600 ಪಲ್ಸ್ ಇಟ್ಟಿದ್ದು, ರೋಲರ್ ಸೆಕೆಂಡಿಗೆ ಐದು ಸುತ್ತು ತಿರುಗಿದರೆ 8000 ಪಲ್ಸ್. ರಿಲೇ ಎಂದರೆ ಒಳಗೆ ಕಟಕಟ ಎನ್ನುವ ತಗಡು, ಆ ವೇಗ ಅದರಿಂದಾಗದು, ಟ್ರಾನ್ಸಿಸ್ಟರಿಗಾಗುತ್ತದೆ. ರಿಲೇ ಮಾದರಿಯೇ ಗತಿಯಾದರೆ, ಅದರ ಮುಖದ ಮೇಲೆ ಕೂರುವ ವೇಗದ ಔಟ್‌ಪುಟ್ ಬೋರ್ಡನ್ನೂ ಕೇಳಿ. ಎಲ್ಲ ಕಂಪನಿಗಳಲ್ಲೂ ಅದು ಇರುವುದಿಲ್ಲ. ಪಲ್ಸ್ ತಂತಿಯನ್ನು ಅದಕ್ಕೆ ಬದಲಿಸಿ ಪ್ರೋಗ್ರಾಮಿನಲ್ಲಿ ವಿಳಾಸ ತಿದ್ದಬೇಕು.

ಅದಕ್ಕೂ ಮುಂಚೆ ಪ್ಯಾನಲ್ಲಿನ ಎಸ್‌ಎಂಪಿಎಸ್‌ಗೆ, ಅಂದರೆ ಪಿಎಲ್‌ಸಿಗೆ 24 ವೋಲ್ಟ್ ಕೊಡುವ ಪೆಟ್ಟಿಗೆಗೆ, ಮೀಟರ್ ಹಿಡಿಯಿರಿ. ಪಿಎಲ್‌ಸಿ ಸುಮ್ಮನೆ ಸುಡುವುದಿಲ್ಲ.

ವೈಟ್‌ಫೀಲ್ಡ್_ಡಿಪೋ:
ಆ ಬೋರ್ಡೂ ಹಡಗಿನಲ್ಲೇ ಬರಬೇಕು, ನೆನಪಿರಲಿ.

ಪೀಣ್ಯ_ಊದುಬತ್ತಿ:
ಮೀಟರ್ 31.4 ವೋಲ್ಟ್ ತೋರಿಸುತ್ತಿದೆ. ಹಸಿರು ದೀಪ ಉರಿಯುತ್ತಿತ್ತು, ಹಾಗಾಗಿ ಸರಿಯಿದೆ ಎಂದುಕೊಂಡಿದ್ದೆ. ಮೂಲೆಯ ತಿರುಗಣೆಯನ್ನು ಹೋದ ತಿಂಗಳು ಎಲೆಕ್ಟ್ರಿಷಿಯನ್ ಹುಡುಗ "ಸ್ವಲ್ಪ ಹೆಚ್ಚಿಸಿದ್ದೇನೆ" ಎಂದಿದ್ದ.

ಜಿಗಣಿ_ಜಂಪರ್:
ಹದಿನಾರು ವಾರ ಕಾದು ತಂದ ಹೊಸದನ್ನೂ ಅರ್ಧ ಗಂಟೆಯಲ್ಲಿ ಸುಡುತ್ತಿದ್ದಿರಿ. ಅದನ್ನು ತೆಗೆದುಹಾಕಿ, ಹೊಸ ಎಸ್‌ಎಂಪಿಎಸ್ ಹಾಕಿ. ಅದಂತೂ ಸಂಜೆಯೊಳಗೆ ಸಿಗುತ್ತದೆ. ಸೆನ್ಸರುಗಳು ಬದುಕಿವೆಯೇ ಅದನ್ನೂ ನೋಡಿ. ನನ್ನ ಬಳಿ ಒಂದು ಬೋರ್ಡ್ ಇದ್ದ ನೆನಪು, ಶನಿವಾರ ಹುಡುಕುತ್ತೇನೆ.

ಹಳೇ_ಫಿಟ್ಟರ್:
ಬೋರ್ಡ್ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮಾದರಿ ಬೇರೆಯಾದ್ದರಿಂದ ಹಳೆಯ ಮೆಮೊರಿ ಕಾರ್ಡ್ ಎತ್ತಿ ಹಾಕಿದರೆ ಸಾಲದು. ಲ್ಯಾಪ್‌ಟಾಪಿನಲ್ಲಿ ತೆರೆದು ತಿದ್ದಲು ಮೂಲ ಪ್ರೋಗ್ರಾಮಿನ ಬ್ಯಾಕಪ್ ಇದೆ ತಾನೇ?

ಪೀಣ್ಯ_ಊದುಬತ್ತಿ:
ಬ್ಯಾಕಪ್ ಇದೆ. ಎಕ್ಸೈಡ್, 150 ಎಎಚ್, ಹೊಸದು.