ತಡವಾದ ರೈಲಿಗೆ ಗುಲಾಬಿ ಉಲ್ಲನ್

"ನಡೆದ ಹೆಜ್ಜೆ, ಮಲಗಿದ ಗಂಟೆ, ಎಲ್ಲಾ ಫೋನಿನಲ್ಲಿದೆ. ಅದರಿಂದಲೇ ಒಂದು ಚಿತ್ರ ಮಾಡಿ ಗೋಡೆಗೆ ಹಾಕುತ್ತೇನೆ" ಎಂದ ಸೀನ.

"ನೀನು ನಡೆಯೋದು ಸೋಫಾದಿಂದ ಫ್ರಿಜ್‌ವರೆಗೆ. ಒಂದು ಗೆರೆ ಎಳೆದುಬಿಡು, ಚಿತ್ರ ಮುಗೀತು" ಎಂದಳು ಪದ್ಮ.

ಆಮೇಲೆ ಮ್ಯೂನಿಕ್ ಕಡೆಯ ಒಬ್ಬ ಹೆಂಗಸಿನ ಕಥೆ ತೆಗೆದಳು. 2018ರಲ್ಲಿ ಅವರು ರೈಲಿನಲ್ಲಿ ಓಡಾಡಿದ ದಿನಗಳಲ್ಲಿ ಮನೆಗೆ ಬಂದು ಎರಡೆರಡು ಸಾಲು ಮಫ್ಲರ್ ಹೆಣೆಯುತ್ತಿದ್ದರು. ತಡ 5 ನಿಮಿಷದೊಳಗಿದ್ದರೆ ಬೂದು ಉಲ್ಲನ್. ಅರ್ಧ ಗಂಟೆಯವರೆಗೆ ಗುಲಾಬಿ. ಅದಕ್ಕೂ ಜಾಸ್ತಿಯಾದರೆ, ಅಥವಾ ಹೋಗುವಾಗ ಬರುವಾಗ ಎರಡೂ ಸಲ ರೈಲು ಕೈಕೊಟ್ಟರೆ, ಕೆಂಪು. ವರ್ಷ ಮುಗಿದ ಮೇಲೆ ಮಫ್ಲರ್ ಹರಾಜಿಗೆ ಬಂತು. ಹೋದದ್ದು 7,550 ಯೂರೋಗೆ! ಕೊಂಡವರು ಯಾರು? ಜರ್ಮನ್ ರೈಲ್ವೆಯವರೇ. ದುಡ್ಡು ನಿಲ್ದಾಣಗಳಲ್ಲಿ ಕಷ್ಟದಲ್ಲಿರುವವರಿಗೆ ನೆರವಾಗುವ ಸಂಸ್ಥೆಗೆ ಹೋಯಿತು.

"ದುಡ್ಡು ಕೊಟ್ಟು ಬೈಸಿಕೊಂಡರಾ!" ಸೀನನಿಗೆ ಖುಷಿಯೋ ಖುಷಿ. "ನಾನೂ ಹೆಣೆಯಲಾ?"

"ಹೆಣಿ. ನೀನು ಆಫೀಸಿಗೆ ತಡವಾಗಿ ಹೋಗೋದನ್ನ. ನಿಮ್ಮ ಮ್ಯಾನೇಜರ್ ಕೊಂಡರೂ ಕೊಂಡರು."

ರಘು ಮುಖ ಸಿಂಡರಿಸಿದ. "ಇದೂ ಒಂದು ಕಲೆನಾ? ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆಯುವ ನಮ್ಮಮ್ಮನೂ ಕಲಾವಿದೆಯೇ ಹಾಗಾದರೆ."

"ಯಾಕಾಗಬಾರದು?" ಪದ್ಮ ಬಿಡಲಿಲ್ಲ. ಲೆಕ್ಕ, ಅಂಕಿ-ಅಂಶಗಳನ್ನೇ ಚಿತ್ರ ಮಾಡುವ ಇಬ್ಬರು ವಿನ್ಯಾಸಕಿಯರ ಕಥೆ ಹೇಳಿದಳು. ಜಾರ್ಜಿಯಾ ಲೂಪಿ ಇದ್ದದ್ದು ನ್ಯೂಯಾರ್ಕಿನಲ್ಲಿ, ಸ್ಟೆಫನಿ ಪೊಸಾವೆಕ್ ಲಂಡನ್ನಿನಲ್ಲಿ. ವಾರಕ್ಕೊಂದು ವಿಷಯ ಹಿಡಿದು ಇಬ್ಬರೂ ಎಣಿಸಿದರು. ಎಷ್ಟು ಸಲ ಗಡಿಯಾರ ನೋಡಿದೆ, ಎಷ್ಟು ಸಲ ಗೊಣಗಿದೆ, ಹೀಗೆ. ಅದನ್ನು ಪೋಸ್ಟ್‌ಕಾರ್ಡಿನ ಮೇಲೆ ಕೈಯಲ್ಲೇ ಚಿತ್ರ ಮಾಡಿ, ಹಿಂದೆ ಯಾವ ಬಣ್ಣಕ್ಕೆ ಏನರ್ಥ ಅಂತ ಬರೆದು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿದರು. 52 ವಾರ ಹೀಗೇ. ಆ ಕಾರ್ಡುಗಳನ್ನು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾ ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು.

ಗೊಣಗಾಟಕ್ಕೂ ಮ್ಯೂಸಿಯಂ ಯೋಗ! ನನಗಂತೂ ಫೋನಿನ ಲೆಕ್ಕಕ್ಕಿಂತ ಇದೇ ಇಷ್ಟ. ಹೆಜ್ಜೆಯನ್ನು ಫೋನ್ ಸುಮ್ನೆ ಎಣಿಸಿಕೊಳ್ಳುತ್ತದೆ. ಯಾರ ಮೇಲೆ, ಯಾತಕ್ಕೆ ಗೊಣಗಿದೆವು ಅಂತ ನಾವೇ ಗಮನಿಸಬೇಕು. ಗಮನಿಸಲು ಹೊರಟರೆ ಗೊಣಗುವುದೂ ಕಷ್ಟ ಅಲ್ವಾ?

"ಸರಿ, ಸಿಕ್ತು ವಿಷಯ" ಎಂದ ಸೀನ. "ಇಲ್ಲಿ ಕಾಫಿ ಬಿಲ್ ಯಾರು ಕೊಡುತ್ತಾರೆ ಅಂತ ಒಂದು ವರ್ಷ ಬರೆದಿಡುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ."

ರಘು ಕುರ್ಚಿ ಹಿಂದೆ ಸರಿಸಿದ. "ನೋಡಪ್ಪಾ, ಇದೆಲ್ಲ ವೈಯಕ್ತಿಕ ಮಾಹಿತಿ. ನನ್ನನ್ನು ಕೇಳದೆ ನನ್ನ ಬಣ್ಣ ಹಾಕಬೇಡ."

"ಹೆದರಬೇಡ ಕಣೋ" ಎಂದಳು ಪದ್ಮ. "ನಿನ್ನ ಬಣ್ಣದ ಡಬ್ಬಿ ತೆರೆಯೋ ಪ್ರಸಂಗವೇ ಬರಲ್ಲ."