ವೆಸ್ಟ್ ಪಾಯಿಂಟ್‌ಗೆ ಮೂರು ನಾಮಿನೇಷನ್ ಸಿಕ್ಕಿದ್ರೆ ಸೀಟು ಗಟ್ಟೀನಾ?

ಪ್ರಶ್ನೆ, ಡಲ್ಲಾಸ್‌ನಿಂದ: ಮಗ 11ನೇ ಕ್ಲಾಸು. ಇಲ್ಲೇ ಹುಟ್ಟಿದವನು, ಸಿಟಿಜನ್. ವೆಸ್ಟ್ ಪಾಯಿಂಟೇ (ಅಮೆರಿಕದ ಸೇನಾಧಿಕಾರಿಗಳ ಅಕಾಡೆಮಿ) ಬೇಕು ಅಂತ ಹಠ. ಸೇರೋಕೆ ಇಂಥವರ ನಾಮಿನೇಷನ್ ಬೇಕಂತೆ: ನಮ್ಮ ರಾಜ್ಯದ ಇಬ್ಬರು ಸೆನೆಟರು, ನಮ್ಮ ಕ್ಷೇತ್ರದ ಒಬ್ಬ ಕಾಂಗ್ರೆಸ್‌ಮನ್, ಮೂವರಿಗೂ ಅರ್ಜಿ ಹಾಕ್ಬೇಕಾ? ಮೂರೂ ಸಿಕ್ಕಿದ್ರೆ ಅನುಕೂಲನಾ? ಅನುಭವ ಇರೋರು ಹೇಳಿ.

ನ್ಯೂಜೆರ್ಸಿಯ ತಾಯಿ (ಮಗಳು ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ): ಮೂವರಿಗೂ ಹಾಕಿ ಅಕ್ಕ. ವೈಸ್ ಪ್ರೆಸಿಡೆಂಟ್‌ಗೂ ಹಾಕಬಹುದು, ಅದು ಲಾಟರಿ ಅಂದ್ಕೊಳ್ಳಿ. ನಾಮಿನೇಷನ್ ಅಂದ್ರೆ ನಮ್ಮೂರ ಎಂಎಲ್‌ಎ ಶಿಫಾರಸು ಪತ್ರ ಅಲ್ಲ, ಮೂರಿದ್ರೆ ತೂಕ ಮೂರುಪಟ್ಟು ಆಗಲ್ಲ. ಅಕಾಡೆಮಿ ಅಂಕ ಹಾಕೋದು ಓದು, ಆಟ, ಲೀಡರ್‌ಶಿಪ್ ನೋಡಿ. ನಾಮಿನೇಷನ್ ಬರೀ ಕ್ಯೂ ಟೋಕನ್. ಒಬ್ಬೊಬ್ಬ ಸದಸ್ಯರ (ಸೆನೆಟರ್ ಇಲ್ಲಾ ಕಾಂಗ್ರೆಸ್‌ಮನ್) ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಒಂದೇ ಸಲಕ್ಕೆ 5 ಜನ ಮಾತ್ರ ಇರಬಹುದು. ಖಾಲಿಯಾದ ಒಂದು ಸೀಟಿಗೆ ಹತ್ತು-ಹದಿನೈದು ಹೆಸರು. ನಿಮ್ಮ ಕ್ಷೇತ್ರದ ಪಟ್ಟಿಯಲ್ಲಿ ಘಟಾನುಘಟಿಗಳೇ ಇದ್ರೆ ಸೆನೆಟರ್ ಪಟ್ಟಿಯಲ್ಲಿ ಇನ್ನೊಂದು ಅವಕಾಶ, ಲಾಭ ಅಷ್ಟೇ. ನಮ್ಮವಳಿಗೆ ಸಿಕ್ಕಿದ್ದು ಒಂದೇ. ಆ ಪಟ್ಟಿಯಲ್ಲೂ ಮೊದಲು ಬರಲಿಲ್ಲ, ಆಮೇಲೆ ದೇಶದ ಮಟ್ಟದ ಮೆರಿಟ್ ಪಟ್ಟಿಯಿಂದ ಕರೆದ್ರು.

ವರ್ಜೀನಿಯಾದಿಂದ ಒಬ್ಬರು: ಒಂದು ಸೇರಿಸ್ತೀನಿ. ಕೆಲವು ಸದಸ್ಯರು ಒಬ್ಬರನ್ನ ‘ಪ್ರಿನ್ಸಿಪಲ್ ನಾಮಿನಿ’ ಅಂತ ಹೆಸರಿಸ್ತಾರೆ. ಆ ಹುಡುಗ ಎಲ್ಲದರಲ್ಲೂ ಅರ್ಹನಾದ್ರೆ ಸೀಟು ಅವನದೇ. ಅಂಥದ್ದೊಂದು ಬೇರೆ ಮೂರಕ್ಕೆ ಸಮ. ಇನ್ನು ಕೆಲವು ಕಡೆ ಈ ಸದಸ್ಯರ ಆಫೀಸುಗಳು ತಮ್ತಮ್ಮಲ್ಲೇ ಮಾತಾಡ್ಕೊಂಡು ಒಂದು ಮಗುವಿಗೆ ಒಂದೇ ನಾಮಿನೇಷನ್ ಕೊಡ್ತಾರೆ. ಅದಕ್ಕೇ ಮೂರು ಬರಲಿಲ್ಲ ಅಂತ ಕೊರಗಬೇಡಿ. ವಿಚಾರಿಸೋ ಫೋನು ಮಗನೇ ಮಾಡ್ಲಿ, ನೀವಲ್ಲ!

ಆಸ್ಟಿನ್‌ನ ಅಪ್ಪ: ನಮ್ಮವನಿಗೆ ಎರಡಿತ್ತು, ಆದ್ರೂ ಏಪ್ರಿಲ್‌ವರೆಗೆ ನಿದ್ದೆ ಇಲ್ಲ. ಫಿಟ್ನೆಸ್ ಪರೀಕ್ಷೆಗೆ ಮಂಡಿಯೂರಿ ಬಾಸ್ಕೆಟ್‌ಬಾಲ್ ಎಸೀಬೇಕು. ಡ್ರೈವ್‌ವೇನಲ್ಲಿ ಚಾಪೆ ಹಾಕಿ ಎರಡು ತಿಂಗಳು ಎಸೆದ, ನಾನು ಟೇಪ್ ಹಿಡಿದು ಅಳೆದೆ. ಅದು ಪಾಸು. ಸಿಕ್ಕಿಹಾಕ್ಕೊಂಡಿದ್ದು ಮೆಡಿಕಲ್‌ನಲ್ಲಿ. ಹೂವಿನ ಪರಾಗದ ಅಲರ್ಜಿಗೆ ಅಂತ 14ನೇ ವಯಸ್ಸಲ್ಲಿ ಡಾಕ್ಟರು ಇನ್ಹೇಲರ್ ಬರೆದುಕೊಟ್ಟಿದ್ರು. 13 ತುಂಬಿದ ಮೇಲೆ ಅಸ್ತಮಾ ಇತ್ತು ಅಂದ್ರೆ ಅನರ್ಹ, ವೇವರ್ (ವಿನಾಯಿತಿ) ಕೇಳಬೇಕು. ಅದು ಅಸ್ತಮಾ ಅಲ್ಲ ಅಂತ ತೋರಿಸೋಕೆ ಶ್ವಾಸಕೋಶದ ಪರೀಕ್ಷೆ, ಹಳೇ ರೆಕಾರ್ಡು, ಪತ್ರ. ಅಲ್ಲಿ ನಿಂತುಹೋದ್ರೆ ಎರಡಲ್ಲ, ನಾಲ್ಕು ನಾಮಿನೇಷನ್ ಇದ್ರೂ ಉಪಯೋಗ ಇಲ್ಲ.

ಡಲ್ಲಾಸ್: ಎಲ್ಲರಿಗೂ ಥ್ಯಾಂಕ್ಸ್. ಅಯ್ಯೋ, ನಮ್ಮವನಿಗೂ 8ನೇ ಕ್ಲಾಸಲ್ಲಿ ಒಂದು ಚಳಿಗಾಲ ಇನ್ಹೇಲರ್ ಕೊಟ್ಟಿದ್ರು. ಇವತ್ತೇ ಆ ಫೈಲು ಹುಡುಕ್ತೀನಿ.