ಜಪಾನಿ ವಲಸೆ ಕುಟುಂಬದ ಹಳೆಯ ಕಾಗದಪತ್ರಗಳನ್ನು ಕಾಪಾಡುವುದು ಹೇಗೆ?

ಪ್ರಶ್ನೆ:
ಅಮೆರಿಕದ 1924ರ ವಲಸೆ ಕಾನೂನು ಜಪಾನಿಯರಿಗೆ ಬಾಗಿಲು ಮುಚ್ಚುವ ಮೊದಲೇ ನನ್ನ ಪತಿಯ ಮುತ್ತಜ್ಜ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ನೆಲೆಸಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದಾಗ, 1942ರಲ್ಲಿ ಆ ಕುಟುಂಬವನ್ನೂ ಯೂಟಾದ ಟೋಪಾಜ್ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರ ಟ್ರಂಕು ಈಗ ನಮ್ಮ ಮನೆಯಲ್ಲಿದೆ. ಅದರಲ್ಲಿ ಜಪಾನಿ ಪತ್ರಗಳ ಕಟ್ಟುಗಳು, ಲೆಕ್ಕದ ಪುಸ್ತಕಗಳು ಮತ್ತು ಕಪ್ಪು ಹಾಳೆಯ ಫೋಟೋ ಆಲ್ಬಮ್ ಇವೆ. ನಮ್ಮಲ್ಲಿ ಯಾರಿಗೂ ಜಪಾನಿ ಓದಲು ಬಾರದು. ಮುಖ್ಯವಾದವನ್ನು ಆರಿಸಿ ಲ್ಯಾಮಿನೇಟ್ ಮಾಡಿಸಿ, ಉಳಿದವನ್ನು ವಿಲೇವಾರಿ ಮಾಡೋಣವೆಂದು ಪತಿ ಹೇಳುತ್ತಿದ್ದಾರೆ. ಹೀಗೆ ಮಾಡಬಹುದೇ?

ಉತ್ತರ 1:
ಲ್ಯಾಮಿನೇಟ್ ಖಂಡಿತ ಬೇಡ. ಬಿಸಿಗೆ ಕಾಗದಕ್ಕೆ ಕಚ್ಚಿಕೊಂಡ ಪ್ಲಾಸ್ಟಿಕ್ಕನ್ನು ಹಾನಿಯಿಲ್ಲದೆ ಬಿಡಿಸುವುದು ಬಹುಮಟ್ಟಿಗೆ ಆಗದ ಕೆಲಸ. ಆರಿಸುವುದಕ್ಕೂ ಈಗಲೇ ಕೈಹಾಕಬೇಡಿ. ಯಾವ ಪತ್ರವನ್ನು ಯಾವುದರೊಡನೆ ಕಟ್ಟಿಟ್ಟಿದ್ದರು ಎಂಬುದೂ ಒಂದು ಮಾಹಿತಿಯೇ ಆದ್ದರಿಂದ, ಟ್ರಂಕಿನಲ್ಲಿ ಇರುವಂತೆಯೇ ಒಂದೊಂದು ಪದರದ ಚಿತ್ರ ತೆಗೆದುಕೊಂಡು, ಅದೇ ಕ್ರಮದಲ್ಲಿ ಆಮ್ಲರಹಿತ (ಕಾಗದವನ್ನು ಹಾಳುಮಾಡದ) ಫೋಲ್ಡರುಗಳಿಗೆ ವರ್ಗಾಯಿಸಿ, ಮೇಲೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ತುಕ್ಕು ಹಿಡಿದ ಕ್ಲಿಪ್ಪನ್ನು ಎಳೆದರೆ ಹಾಳೆ ಹರಿಯುತ್ತದೆ. ಕ್ಲಿಪ್ಪಿಗೂ ಕಾಗದಕ್ಕೂ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಚೂರನ್ನು ತೂರಿಸಿ ಮೆಲ್ಲಗೆ ಸಡಿಲಿಸಬೇಕು. ಆಲ್ಬಮ್ಮಿನಿಂದ ಫೋಟೋಗಳನ್ನು ಕೀಳದೆ, ಪುಟಪುಟವಾಗಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ. ಅಟ್ಟವೂ ನೆಲಮಾಳಿಗೆಯೂ ಬೇಡ, ತೇವಾಂಶ ಶೇ. 35ರಿಂದ 50ರೊಳಗೆ ಇರುವ ತಂಪಾದ ಕೋಣೆ ಸಾಕು.

ಉತ್ತರ 2:
ಲಕೋಟೆಗಳನ್ನೂ ಎಸೆಯಬೇಡಿ. 1941ರಲ್ಲಿ ಜಪಾನ್ ನಡೆಸಿದ ಪರ್ಲ್ ಹಾರ್ಬರ್ ದಾಳಿಯ ಬಳಿಕ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಮನೆ ಶೋಧಿಸೀತೆಂಬ ಭಯದಿಂದ ಎಷ್ಟೋ ಕುಟುಂಬಗಳು ಜಪಾನಿ ಪತ್ರ, ಪುಸ್ತಕ, ಫೋಟೋಗಳನ್ನು ತಾವೇ ಸುಟ್ಟುಹಾಕಿದವು. ಶಿಬಿರಕ್ಕೆ ಹೊರಟವರಿಗೋ ಕೈಯಲ್ಲಿ ಹೊರುವಷ್ಟನ್ನೇ ಒಯ್ಯಲು ಅನುಮತಿಯಿತ್ತು. ಹೀಗಿರುವಾಗ 1941ಕ್ಕೆ ಹಿಂದಿನ ಲೆಕ್ಕದ ಪುಸ್ತಕವೂ ಉಳಿದಿರುವುದು ದೊಡ್ಡದೇ. ಮನೆಯ ಯಜಮಾನರನ್ನು ಬಂಧಿಸಿ ನ್ಯೂ ಮೆಕ್ಸಿಕೋದ ಸಾಂಟಾ ಫೆಯಂತಹ ಬೇರೆ ಶಿಬಿರದಲ್ಲಿ ಇಟ್ಟಿದ್ದರೆ, ಅಲ್ಲಿಂದ ಬಂದ ಲಕೋಟೆಯ ಮೇಲಿನ ಸೆನ್ಸಾರ್ ಮುದ್ರೆ ಮತ್ತು ಅಂಚೆಮುದ್ರೆಗಳಿಂದಲೇ ಅವರು ಯಾವಾಗ ಎಲ್ಲಿದ್ದರೆಂದು ತಿಳಿಯಬಹುದು. ಪತ್ರಗಳನ್ನು ಹಳೆಯ ಕೂಡುಬರಹದಲ್ಲಿ ಬರೆದಿದ್ದರೆ ಇಂದಿನ ವಿದ್ಯಾವಂತ ಜಪಾನಿಯರೂ ತಡವರಿಸುತ್ತಾರೆ; ಅದನ್ನು ಓದಬಲ್ಲವರನ್ನೇ ಹುಡುಕಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೆಲವು ಪತ್ರಗಳಲ್ಲಿ ಮನೆಯ ಜಗಳಗಳಿವೆಯೆಂದು ಅತ್ತೆಯವರು ಹೇಳುತ್ತಾರೆ. ಇವನ್ನು ವಸ್ತುಸಂಗ್ರಹಾಲಯದಂತಹ ಸಂಸ್ಥೆಯೊಂದಕ್ಕೆ ದಾನವಾಗಿ ಕೊಟ್ಟರೆ ಎಲ್ಲವೂ ಬಯಲಾಗುವುದಿಲ್ಲವೇ?

ಉತ್ತರ 3:
ದಾನಪತ್ರಕ್ಕೆ ಸಹಿ ಹಾಕುವ ಮೊದಲೇ ಮಾತನಾಡಿದರೆ, ಅಂತಹ ಪತ್ರಗಳನ್ನು ಇಂತಿಷ್ಟು ವರ್ಷ ಮುಚ್ಚಿಡಬೇಕೆಂಬ ಷರತ್ತನ್ನು ಸೇರಿಸಬಹುದು. ಮೂಲಪ್ರತಿಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಜಪಾನಿ ಅಮೆರಿಕನ್ನರ ಇತಿಹಾಸವನ್ನು ದಾಖಲಿಸುವ ಸಿಯಾಟಲ್‌ನ ಡೆನ್ಶೋ ಸಂಸ್ಥೆಯನ್ನು ಕೇಳಿ ನೋಡಿ. ಅವರು ಕುಟುಂಬಗಳ ಸಂಗ್ರಹವನ್ನು ಸ್ಕ್ಯಾನ್ ಮಾಡಿಕೊಂಡು ಹಿಂದಿರುಗಿಸುತ್ತಾರೆ. ಮೂಲವನ್ನೇ ಕೊಡುವುದಾದರೆ ಲಾಸ್ ಏಂಜಲೀಸ್‌ನ ಜಪಾನಿ ಅಮೆರಿಕನ್ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಹಕ್ಕುಸ್ವಾಮ್ಯದ ಮಾತೊಂದುಂಟು: ಪತ್ರ ನಿಮ್ಮ ಟ್ರಂಕಿನಲ್ಲಿದ್ದರೂ ಅದನ್ನು ಪ್ರಕಟಿಸುವ ಹಕ್ಕು ಬರೆದವರದು, ಅಮೆರಿಕದ ಕಾನೂನಿನಂತೆ ಅವರು ತೀರಿಕೊಂಡ ಮೇಲೆ 70 ವರ್ಷಗಳವರೆಗೆ ಅವರ ವಾರಸುದಾರರದು. ಆದ್ದರಿಂದ ಜಪಾನಿನಲ್ಲಿ ಉಳಿದ ಬಂಧುಗಳು ಬರೆದ ಪತ್ರಗಳನ್ನು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಗುರುತಿಸಿಡಿ, ಆದರೆ ಕಟ್ಟಿನಿಂದ ಹೊರತೆಗೆಯಬೇಡಿ.